ಹೊಸ್ತಿಲೊಳಗೆ ಎಳೆದು ತಂದ ಗಾಯಾಳು

ಕೊರೊನಾ ಮುಗಿದ ಮರುವರ್ಷ. ಬೈಲಹೊಂಗಲದಲ್ಲಿ ಕ್ರಿಮಿನಲ್ ವಕೀಲನಾಗಿ ನನ್ನ ತಲೆ ನರೆತಿತ್ತು. ಸಿರಸಂಗಿ ಕಡೆಯ ಹಳ್ಳಿಯೊಂದರಿಂದ ಬಂದ ಕೇಸು ನನ್ನಲ್ಲಿ ಉಳಿದಿದ್ದ ತಾಳ್ಮೆಯನ್ನೂ ತಿಂದುಹಾಕಿತು.

ಕಕ್ಷಿದಾರ ಬಸವಣ್ಣೆಪ್ಪ, ರೈತ. ಹಂದಿ ಕಾಟಕ್ಕೆಂದು ಲೈಸೆನ್ಸ್ ಇದ್ದ ಬಂದೂಕು ಇಟ್ಟುಕೊಂಡಿದ್ದ. ಅಂದು ಹೊಲ ಕಾಯ್ದು ಮನೆಗೆ ಬಂದು ಬಂದೂಕನ್ನು ಇನ್ನೂ ಒಳಗಿಟ್ಟಿರಲಿಲ್ಲ, ದಾಯಾದಿ ಮಲ್ಲೇಶಪ್ಪ ಬದುವಿನ ಜಗಳ ತೆಗೆದು ಕೊಡಲಿ ಹಿಡಿದು ಅಂಗಳಕ್ಕೇ ಬಂದ. ಬಸವಣ್ಣೆಪ್ಪನ ತಮ್ಮನ ಭುಜಕ್ಕೆ ಹೊಡೆದ. ತಮ್ಮ ನೆಲಕ್ಕೆ ಬಿದ್ದ ಮೇಲೂ ಮತ್ತೆ ಕೊಡಲಿ ಎತ್ತಿದ. ಬಸವಣ್ಣೆಪ್ಪ ಅವನ ಕಾಲಿಗೆ ಒಂದು ಗುಂಡು ಹಾರಿಸಿದ.

ಕಾನೂನು ಇದನ್ನು ಖಾಸಗಿ ರಕ್ಷಣೆಯ ಹಕ್ಕು ಎನ್ನುತ್ತದೆ. ನಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಕುತ್ತು ಬಂದಿದೆ ಎಂದು ನಂಬಲು ತಕ್ಕ ಕಾರಣವಿರಬೇಕು, ಪೊಲೀಸರನ್ನು ಕರೆಯುವಷ್ಟು ಪುರುಸೊತ್ತು ಇರಬಾರದು, ಅಪಾಯ ಮುಗಿದ ಮೇಲೆ ಕೈ ಎತ್ತಬಾರದು. ಎಲ್ಲವೂ ಸರಿಯಿತ್ತು. ಸುಲಿದ ಬಾಳೆಹಣ್ಣಿನಂಥ ಕೇಸು.

ಆದರೆ ಹಿರಿಯರು ಬಿಡಬೇಕಲ್ಲ! ಬಸವಣ್ಣೆಪ್ಪನ ದೊಡ್ಡಪ್ಪ ಗುರುಸಿದ್ದಪ್ಪ ಕೂಗಿದರಂತೆ: "ಅಂಗಳದಾಗ ಹೊಡದ್ರ ಕೇಸ್ ಆಗತೈತಿ. ಹೊಸ್ತಲಾ ದಾಟಿ ಬಂದಾಂವನ್ನ ಹೊಡದ್ರ ಏನೂ ಆಗೂದಿಲ್ಲ. ಎಳೀರಿ ಒಳಗ!"

ನರಳುತ್ತಿದ್ದ ಮಲ್ಲೇಶಪ್ಪನನ್ನು ಪಡಸಾಲೆಗೆ ಎಳೆದರು. ಅಂಗಳಕ್ಕೆ ಸಗಣಿ ಸಾರಿಸಿದರು. ತಮ್ಮ ಬಿದ್ದ ಜಾಗದ ರಕ್ತ ನನ್ನ ದೊಡ್ಡ ಸಾಕ್ಷಿಯಾಗಬೇಕಿತ್ತು, ಅದೂ ಸಗಣಿಯಡಿ ಹೋಯಿತು. ಆಮೇಲೆ ಆಂಬುಲೆನ್ಸ್ ಕರೆದರು.

ಪಂಚನಾಮೆಗೆ ಬಂದ ಪೊಲೀಸರು ಕುರುಡರೇ? ಹಸಿ ಸಗಣಿ ಕಂಡಿತು, ಎಳೆದ ಗುರುತೂ ಕಂಡಿತು. ಮನೆಯವರು ಸಾಕ್ಷ್ಯ ಅಳಿಸುತ್ತಾರೆಂದು ಜಾಮೀನು ಸಿಗಲಿಲ್ಲ. ತಮ್ಮನನ್ನು ಉಳಿಸಿದವನು ತಿಂಗಳುಗಟ್ಟಲೆ ಜೈಲಿನಲ್ಲಿ ಕೊಳೆತ.

"ಈ ಬುದ್ಧಿ ಯಾರ್ ಹೇಳಿದ್ರಿ ನಿಮಗ?" ಎಂದು ದೊಡ್ಡಪ್ಪನ ಮೇಲೆ ಹರಿಹಾಯ್ದೆ.

"ಊರಿಗೆಲ್ಲಾ ಗೊತ್ತಿದ್ದ ಮಾತೈತ್ರಿ ಸಾಹೇಬ್ರ!"

ವಿಚಾರಣೆಯಲ್ಲಿ ಮಲ್ಲೇಶಪ್ಪ ಕುಂಟುತ್ತ ಕಟಕಟೆ ಏರಿದ. ಬರಿಗೈಯಲ್ಲಿ ಮಾತಾಡಲು ಹೋಗಿದ್ದೆ ಎಂದ. ಪಾಟೀಸವಾಲಿನಲ್ಲಿ ನಾನು ಕೇಳಿದೆ: "ನೀವು ಮನೆಯೊಳಗೆ ನುಗ್ಗಿದಿರಿ ಎಂದು ಬಸವಣ್ಣೆಪ್ಪನ ಮನೆಯವರು ಪೊಲೀಸರಿಗೆ ಹೇಳಿದ್ದಾರೆ. ಹೌದೇ?"

ಅವನ ಮುಖ ಕೆಂಪಾಯಿತು. "ನಾನೇನ್ ಕಳ್ಳೇನ್ರಿ, ಮಂದಿ ಮನಿ ಹೊಗಾಕ? ಅಂಗಳದಾಗ ಎದರಿಗಿ ನಿಂತ ಕೊಡ್ಲಿ ಎತ್ತಿದ್ದೆ. ಇನ್ನೊಂದ್ ಏಟ ಬಿದ್ದಿದ್ರ ಅವನ ತಮ್ಮ ಉಳೀತಿರ್ಲಿಲ್ಲ!"

ಸರ್ಕಾರಿ ವಕೀಲರು ಹಣೆ ಚಚ್ಚಿಕೊಂಡರು. ಬಸವಣ್ಣೆಪ್ಪನ ಬಿಡುಗಡೆಯಾಯಿತು.

ಬಂದೂಕು ಎತ್ತುವ ಹಕ್ಕು ಹೊಸ್ತಿಲಿನಿಂದ ಬರುವುದಿಲ್ಲ, ಜೀವಭಯದಿಂದ ಬರುತ್ತದೆ. ನಡೆದದ್ದನ್ನು ನಡೆದಂತೆಯೇ ಬಿಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಕೇಳುವವರು ಕಡಿಮೆ. ಕೋರ್ಟಿನ ಹೊರಗೇ ದೊಡ್ಡಪ್ಪ ಮೀಸೆ ತಿರುವಿದರು: "ನೋಡ್ರಿ ವಕೀಲ್ರ, ನಾ ಒಳಗ ಎಳಸಿದ್ದಕ್ಕ ಪಾರಾದ!"

ನಾನು ಬಾಯಿ ತೆರೆಯುವ ಮೊದಲೇ ಬಸವಣ್ಣೆಪ್ಪ ಅಂದ: "ದೊಡ್ಡಪ್ಪಾ, ಕೊಲ್ಲಾಕ ಬಂದಾಂವ ಸೈತ ಖರೇ ಹೇಳಿದ. ನಮ್ಮಾಂವ ಆಗಿ ನೀ ಹೇಳಲಿಲ್ಲ."