ಗೆರೆ ಅಳಿಸಿದ ಬೆರಳಿನ ಕಾಕಾ

ಒಂದು ನಿಮಿಷ ನಿಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಮಾಡುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಈ ಬೆರಳುಗಳನ್ನು ನೋಡಿ. ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಕಾಕಾ ಅವರ ಬೆರಳ ತುದಿಗಳು ಸಿಪ್ಪೆ ಸುಲಿದ ಬಾದಾಮಿಯ ಹಾಗೆ ನುಣ್ಣಗಿದ್ದವು. ಗೆರೆಯೇ ಇಲ್ಲ. ಸಿಮ್ ಅಂಗಡಿಯ ಬೆರಳಚ್ಚಿನ ಮೆಷಿನ್ ಐದು ಸಲ ಒತ್ತಿಸಿಕೊಂಡೂ ಅವರನ್ನು ಒಪ್ಪಲಿಲ್ಲ. "ಕಳವು ಮಾಡಿದ್ರೂ ಸಿಗಾಂಗಿಲ್ಲೋ ತಮ್ಮಾ ನಾ," ಅಂತ ನಕ್ಕರು.

ವಿಜಯಪುರದ ಕಡೆಯವರು. ಇಡೀ ಸರ್ವಿಸ್ ಆಸಿಡ್ ಸ್ಲರಿ ಪ್ಲಾಂಟಿನಲ್ಲಿ. ಸ್ಲರಿ ಅಂದರೆ ಕಾಕಂಬಿಯಂಥ ಮಂದ ದ್ರವ. ಸೀಮೆಎಣ್ಣೆಯಿಂದ ತಯಾರಾದ ಒಂದು ಎಣ್ಣೆಗೆ ಗಂಧಕದ ಅನಿಲ ತಾಗಿಸಿ ಮಾಡುತ್ತಾರೆ. ಅದಕ್ಕೆ ಕಾಸ್ಟಿಕ್ ಸೋಡಾ ನೀರು ಬೆರೆಸಿದರೆ ಹುಳಿ ಸತ್ತು ನೊರೆಯ ಮಾಲು ಸಿಗುತ್ತದೆ. ಬಟ್ಟೆ ಪುಡಿಗೂ ಅದೇ, ಸೂರತ್‌ನ ಮಿಲ್ಲುಗಳಲ್ಲಿ ಬಣ್ಣಕ್ಕೆ ಮುಂಚೆ ಬಟ್ಟೆ ತೊಳೆಯಲೂ ಅದೇ, ಕೀಟನಾಶಕ ನೀರಲ್ಲಿ ಬೆರೆಯಲೂ ಅದರದೇ ದಾಯಾದಿ. ಗ್ಲೌಸ್ ಇಲ್ಲದ ಕಾಲದಲ್ಲಿ ಕಾಕಾ ಸ್ಯಾಂಪಲ್ಲನ್ನು ಬೆರಳಲ್ಲೇ ಉಜ್ಜಿ ನೋಡುತ್ತಿದ್ದರಂತೆ.

ನಾನು ಈ ಲಿಕ್ವಿಡ್ ಮಾಡುವುದನ್ನು ವಿಡಿಯೊ ನೋಡಿ ಕಲಿತವನು. ಮೊದಲ ಬಕೆಟ್ ಮಾಡಿದ ದಿನ ಕೋಲಲ್ಲಿ ತಿರುವಿದರೆ ನೊರೆ ಬಕೆಟ್ ದಾಟಿ ನೆಲಕ್ಕೆ ಬಂತು. ಖುಷಿಯಲ್ಲಿ ಒಂದು ಬಾಟಲಿ ತುಂಬಿ, ನಮ್ಮ ಬಿಲ್ಡಿಂಗಿನಲ್ಲಿ ಪಾತ್ರೆ ತೊಳೆಯುವ ಮಾಸಿಗೆ ಕೊಟ್ಟೆ.

ಮೂರನೇ ದಿನ ಮಾಸಿ ಎರಡೂ ಅಂಗೈ ಚಾಚಿ ಬಾಗಿಲಲ್ಲಿ ನಿಂತರು. ಕೆಂಪಗೆ ಬಿರಿದಿದ್ದವು. "ಭಾಯ್, ಬಹು ಬಳೇ ಛೇ." ತುಂಬಾ ಉರಿಯುತ್ತಂತೆ. ಐದು ಮನೆ ಕೆಲಸ. ಒಂದು ವಾರ ಹೋಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಅಂತ ಅತ್ತರು.

ಕಾಕಾ ಮಾಸಿಯನ್ನು ಡಾಕ್ಟರ ಹತ್ತಿರ ಕಳಿಸಿ, ಬಂದು ನನ್ನ ಬಕೆಟ್ಟಿಗೆ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಅದ್ದಿದರು. ಕಡುನೀಲಿ. ಕಾಸ್ಟಿಕ್ ವಿಪರೀತ.

"ನೊರೆ ಚೆನ್ನಾಗೇ ಬಂತಲ್ಲ ಕಾಕಾ?"

"ನೊರಿ ನೋಡಾವ ಗಿರಾಕಿ. ಮಾಡಾವ ಕಾಗದ ನೋಡ್ಬೇಕು." ಆಮೇಲೆ ದನಿ ತಗ್ಗಿಸಿದರು. "ಈ ಮಾಲಿನ ಕಣಕ್ಕ ಒಂದ್ ತುದಿಗೆ ನೀರ್ ಬೇಕು, ಇನ್ನೊಂದ್ ತುದಿಗೆ ಜಿಡ್ಡು. ತಾಟಿನ ಜಿಡ್ಡು ಯಾವ್ದು, ಕೈಯಾಗಿಂದು ಯಾವ್ದು, ಅದಕ್ಕ ತಿಳಿಯೂದಿಲ್ಲ. ನಿನಗ ತಿಳೀಬೇಕು."

ಸ್ಲರಿಯನ್ನು ಹನಿಹನಿಯಾಗಿ ಬಿಡಿಸಿ, ಕಾಗದ ತಿಳಿಹಸಿರಾಗುವ ತನಕ ನನ್ನಿಂದಲೇ ಬಕೆಟ್ ಸರಿಮಾಡಿಸಿದರು. ಆಮೇಲೆ ತೀರ್ಪು: "ಆಕಿ ಕೈ ಮಾಯೂ ತನಕ ಐದೂ ಮನಿ ಪಾತ್ರಿ ನೀ ತೊಳಿ. ಇದ್ರಾಗ. ಬರಿಗೈಲೆ."

ಆಫೀಸಿಗೆ ಮುಂಚೆ ಹತ್ತು ದಿನ ತೊಳೆದೆ. ಮಾಸಿ ಬ್ಯಾಂಡೇಜ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲ್ ಮೇಲೆ ಕೂತು, "ಸಾಹೇಬ್, ಕಢಾಯಿ ಕೆ ಪೀಛೇ ಭೀ!" ಅಂತ ಬಾಣಲೆಯ ಹಿಂಭಾಗವನ್ನೂ ಉಜ್ಜಲು ಹುಕುಂ ಮಾಡುತ್ತಿದ್ದರು. ಯಾವ ಮನೆಯವರೂ ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ನನ್ನ ಕೈಯೂ ಉರಿಯಲಿಲ್ಲ.

ಹೋದ ಚಳಿಗಾಲ ಕಾಕಾ ತೀರಿಕೊಂಡರು. ಹದಿಮೂರನೇ ದಿನದ ಊಟ ಮುಗಿದಾಗ ತಾರಸಿಯಲ್ಲಿ ಎಣ್ಣೆ ಹತ್ತಿದ ಪಾತ್ರೆಗಳ ರಾಶಿ. ನಾನು ಹೊಸದಾಗಿ ಮಾಡಿದ ಲಿಕ್ವಿಡ್‌ನ ಬಾಟಲಿ ತಂದೆ. ಮಾಸಿ ಅದನ್ನೂ ನನ್ನನ್ನೂ ನೋಡಿದರು.

"ಪೆಹಲೇ ತುಮ್." ಮೊದಲು ನೀನು ಅಂದರು.

ಅಂಗಿಯ ತೋಳು ಮಡಚಿ ನೊರೆಗೆ ಕೈ ಅದ್ದಿದೆ. ಹಿಟ್ಟು ನಾದುವ ದೊಡ್ಡ ಪರಾತವೊಂದನ್ನು ತೊಳೆದು ಮುಗಿಸಿದ ಮೇಲೆ ಅವರು ನನ್ನ ಅಂಗೈ ತಿರುಗಿಸಿ ನೋಡಿದರು. ಆಮೇಲೆ ಬಳೆ ಮೇಲೇರಿಸಿಕೊಂಡು ಪಕ್ಕದಲ್ಲಿ ಕೂತರು.

ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಕೈಗಳು ಹೇಗಿವೆ? ಒಮ್ಮೆ ಹೋಗಿ ನೋಡಿ ಬನ್ನಿ. ನೋಡಿದ್ದನ್ನು ಇಲ್ಲೇ ಕೆಳಗೆ ಬರೆಯಿರಿ.