ಬೆರಳಿಗೆ ಕಟ್ಟಿದ ಬಟ್ಟೆ

ಕೆಳಮನೆಯ ದೊರೆಸ್ವಾಮಿ ಮಾಮನ ಬೆರಳು ಎಲ್ಲಿ ಕೀವುಗಟ್ಟುತ್ತದೋ ಎಂಬ ಚಿಂತೆ ಆರಾಧನಾಳನ್ನು ತಿಂಗಳಿಂದ ಬಿಟ್ಟಿರಲಿಲ್ಲ. ಚಾಮರಾಜಪೇಟೆಯ ಈ ಒಂಟಿ ಮನುಷ್ಯ ಪ್ರತಿ ಶನಿವಾರ ಬಸ್ಸು ಹಿಡಿದು ಮಾಗಡಿ ಕಡೆಯ ತಮ್ಮ ಹತ್ತು ಗುಂಟೆ ತೋಟಕ್ಕೆ ಹೋಗುತ್ತಾರೆ. ಸಂಜೆ ಒಂದು ಕಟ್ಟು ಸೊಪ್ಪು, ಒಂದು ಹೊಸ ಗಾಯದೊಂದಿಗೆ ಮರಳುತ್ತಾರೆ. ಕುಡುಗೋಲಿಗೂ ಅವರಿಗೂ ಹಿಂದಿನ ಜನ್ಮದ ದ್ವೇಷ. ಕೊಯ್ದಲ್ಲಿ ಕಾಫಿಪುಡಿ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ, ಮೆಟ್ಟಿಲ ಬಳಿ ನಿಲ್ಲುತ್ತಾರೆ. "ಏನಾಯ್ತು ಮಾಮ? ಇಂಜೆಕ್ಷನ್ ಹಾಕಿಸ್ಕೊಂಡ್ರಾ?" ಎಂದು ಆರಾಧನಾ ಕೇಳಿದರೆ, "ಅಯ್ಯೋ, ಏನಿಲ್ಲಮ್ಮ" ಎಂದು ಶುರುಮಾಡಿ ಅರ್ಧ ಗಂಟೆ ವಿವರಿಸುತ್ತಾರೆ. ಈ ಶನಿವಾರ ಬೆಳಿಗ್ಗೆ ಅವಳ ಪುಟ್ಟ ಮಗಳು ಲಾಸ್ಯಾ ಆಡುತ್ತಾ ಆ ಬಟ್ಟೆಯನ್ನು ಎಳೆದೇಬಿಟ್ಟಳು. ಒಳಗಿನ ಗಾಯ ಎಂದೋ ಮಾಯ್ದಿತ್ತು. ಮಾಮ ಬೆರಳು ಮಡಚಿಕೊಂಡು ಬಸ್ಸಿಗೆ ಹೊರಟುಬಿಟ್ಟರು. ಮಧ್ಯಾಹ್ನದವರೆಗೆ ಚಡಪಡಿಸಿ, ಆರಾಧನಾ ಫೋನ್ ಮಾಡಿದಳು: "ಮಾಮ, ಗಾಯ ವಿಚಾರಿಸೋಕಲ್ಲ, ಸುಮ್ನೆ ಮಾಡ್ದೆ. ಊಟ ಆಯ್ತಾ?"