ಅಕ್ಕನನ್ನು ಸವತಿ ಮಾಡಿದ ತಗಡು

ಹೆಣ್ಣಿಗೆ ಒಡವೆಯೇ ಶೋಭೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಮದುವೆಯಲ್ಲಿ ಕೊರಳಿಗೆ ಬಿದ್ದ ಒಡವೆಗಳಲ್ಲಿ ಒಂದು ನನ್ನ ಸ್ವಂತ ಅಕ್ಕ.

ಅದು ನಿಜಾಮರ ಸರಕಾರದ ಕಾಲ, ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕುಷ್ಟಗಿ ಕಡೆಯ ನಮ್ಮ ಮನೆಯಿಂದ ಅಕ್ಕನನ್ನು ಕುಕನೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲ ಹೆರಿಗೆಯಲ್ಲೇ ಅಕ್ಕ ತೀರಿಕೊಂಡಳು, ಹೆಣ್ಣುಕೂಸು ಉಳಿಯಿತು. ಹೊರಗಿನವಳು ಬಂದರೆ ಕೂಸನ್ನು ಹೇಗೆ ನೋಡಿಕೊಳ್ಳುತ್ತಾಳೋ ಎಂದು ಹಿರಿಯರು ಕೂತು ಮಾತಾಡಿ, ನನ್ನನ್ನು ಅಕ್ಕನ ಗಂಡನಿಗೇ ಕಟ್ಟಿದರು. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಕೂಸಿನ ಮುಖ ನೋಡಿ ನಾನೂ ಸುಮ್ಮನಾದೆ.

ಆ ಮನೆತನದಲ್ಲಿ ಎರಡನೆಯ ಹೆಂಡತಿಯಾಗಿ ಬಂದವಳು ಸತ್ತವಳ ಗುರುತನ್ನು ಕೊರಳಲ್ಲಿ ಹಾಕಿಕೊಳ್ಳಬೇಕಿತ್ತು. ಹೆಬ್ಬೆರಳ ಉಗುರಿನಷ್ಟು ಬಂಗಾರದ ತಗಡು, ಅದರ ಮೇಲೆ ಕೈ ಮುಗಿದು ನಿಂತ ಹೆಣ್ಣಿನ ಗೊಂಬೆ. ಸತ್ತವಳು ಮತ್ಸರದಿಂದ ಬಂದು ಕಾಡದಿರಲಿ ಎಂದು ಅದನ್ನು ತಾಳಿಯ ಪಕ್ಕದಲ್ಲೇ ಪೋಣಿಸುತ್ತಿದ್ದರು. ಅಕ್ಕ ತವರಿನಿಂದ ತಂದಿದ್ದ ಕಿವಿಯ ಬುಗುಡಿಯನ್ನೇ ಕರಗಿಸಿ ಪತ್ತಾರ ಈ ತಗಡು ಮಾಡಿಕೊಟ್ಟ. ಅವಳ ಬೋರಮಾಳ ಸರ ಅಷ್ಟರಲ್ಲಾಗಲೇ ನಾದಿನಿಯ ಕೊರಳು ಸೇರಿತ್ತು. ಅದರ ಬೆನ್ನು ಹತ್ತಿ ಯಾವ ದೆವ್ವವೂ ಹೋಗಲಿಲ್ಲ ನೋಡಿ.

“ಇಕಿ ನಿನ್ನ ಸವತಿ. ಹೊಸ ಸೀರಿ ಉಟ್ರ ಮೊದಲ ಇಕಿಗೆ ತೋರಸು, ಹಬ್ಬಕ್ಕ ಎಡಿ ಹಿಡಿ. ಮರತಿ ಅಂದ್ರ ಅಕಿ ಸುಮ್ನ ಬಿಡಾಕಿ ಅಲ್ಲ,” ಎಂದರು ಅತ್ತೆ, ದಾರ ಕಟ್ಟುತ್ತ.

“ಅಕಿ ನಮ್ಮಕ್ಕ ಅಲ್ಲೇನ್ರಿ, ಅತ್ತಿ?”

“ಸತ್ತ ಮ್ಯಾಲ ಅಕ್ಕಾನೂ ಇಲ್ಲ, ತಂಗೀನೂ ಇಲ್ಲ.”

ನನ್ನ ತಲೆಗೆ ಹೇನು ಹತ್ತಿದಾಗ ಮಧ್ಯಾಹ್ನವೆಲ್ಲ ಕೂತು ಬಾಚುತ್ತಿದ್ದವಳು ಅಕ್ಕ. ತನ್ನ ಪಾಲಿನ ಶೇಂಗಾ ಉಂಡಿಯಲ್ಲಿ ಅರ್ಧ ಮುರಿದು ನನ್ನ ಕೈಗೆ ಹಾಕುತ್ತಿದ್ದವಳು. ಅವಳಿಗೆ ನನ್ನ ಮೇಲೆ ಮತ್ಸರವಂತೆ. ಯಾವ ಭಾಗ್ಯ ಕಂಡು ಮತ್ಸರಪಡಬೇಕಿತ್ತು? ಅದೇ ಒಲೆ, ಅದೇ ಬೀಸುವ ಕಲ್ಲು, ಅದೇ ಅತ್ತೆ. ಇನ್ನು ಗಂಡನಾದವರ ಮೈಮೇಲೆ ಸತ್ತ ಹೆಂಡತಿಯ ಗುರುತಿಗೆ ಒಂದು ಎಳೆ ದಾರವೂ ಇರಲಿಲ್ಲ. ನೆನಪು ಹೊರುವುದೂ ಹೆಂಗಸಿನ ಪಾಲಿಗೇ ಬಂದಿತ್ತು.

ಆದರೂ ಹಾಕಿಕೊಂಡೆ, ಎರಡು ವರ್ಷ. ಎಮ್ಮೆ ಒದ್ದರೆ ಅಕ್ಕ ಕಾರಣ, ಹಾಲು ಒಡೆದರೆ ಅಕ್ಕ ಕಾರಣ, ನನಗೆ ತಲೆನೋವು ಬಂದರೂ ಅಕ್ಕನೇ. ಬದುಕಿದ್ದಾಗ ಆ ಮನೆಯಲ್ಲಿ ಅವಳ ಮಾತಿಗೆ ಕವಡೆ ಕಿಮ್ಮತ್ತು ಇರಲಿಲ್ಲ. ಸತ್ತ ಮೇಲೆ ಎಲ್ಲವೂ ಅವಳಿಂದಲೇ ನಡೆಯತೊಡಗಿತು.

ಕೂಸಿಗೆ ಎರಡೂವರೆ ವರ್ಷವಾದಾಗ ಚಳಿಗಾಲದಲ್ಲಿ ಜ್ವರ ಬಂತು. ಎದೆ ಗೊರಗೊರ ಅನ್ನುತ್ತಿತ್ತು, ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ನಮ್ಮ ಮನೆಯವರು ಭತ್ತದ ವ್ಯಾಪಾರಕ್ಕೆಂದು ಗಂಗಾವತಿಗೆ ಹೋಗಿದ್ದರು. ಅತ್ತೆ ನನ್ನನ್ನು ಬಗ್ಗಿಸಿ, ಕೊರಳಿನ ತಗಡನ್ನು ತಂಬಿಗೆಯ ನೀರಿನಲ್ಲಿ ಅದ್ದಿಸಿ, ಆ ನೀರನ್ನು ಕೂಸಿನ ಬಾಯಿಗೆ ಬಿಟ್ಟರು. ಎರಡು ದಿನ ಅದೇ ಔಷಧ. ಮೂರನೆಯ ದಿನ ಬೆಳಗ್ಗೆ ಕೂಸು ಆ ನೀರನ್ನೂ ನುಂಗಲಿಲ್ಲ.

“ಕೊಪ್ಪಳದ ದವಾಖಾನಿಗೆ ಒಯ್ಯೋಣ್ರಿ, ಅತ್ತಿ,” ಎಂದೆ.

“ಅಕಿ ತನ್ನ ಕೂಸನ್ನ ತಾನ ಕರಿಯಾಕತ್ಯಾಳ. ದವಾಖಾನ್ಯಾಗ ಏನ್ ಮಾಡ್ತಾರ?”

ಆ ಕೂಸನ್ನು ಹೆರಲು ಜೀವ ಬಿಟ್ಟವಳು ಈಗ ಕೂಸಿನ ಜೀವ ತೆಗೆಯಲು ಬಂದಿದ್ದಾಳೆ ಎಂದರೆ ಯಾರು ಕೇಳಿಕೊಂಡು ಸುಮ್ಮನಿರಬೇಕು? ನನ್ನ ಪಿತ್ತ ನೆತ್ತಿಗೇರಿತು. ತಾಳಿಯೂ ಅದೇ ದಾರದಲ್ಲಿತ್ತು. ಗಂಟು ಬಿಚ್ಚಿ, ತಗಡನ್ನಷ್ಟೇ ತೆಗೆದು, ತಾಳಿಯನ್ನು ಮತ್ತೆ ಕಟ್ಟಿಕೊಂಡೆ. “ಹೆದರಿಕಿ ನಿಮಗೈತಿ, ನೀವ ಹಾಕ್ಕೊಳ್ರಿ,” ಎಂದು ತಗಡನ್ನು ಅತ್ತೆಯ ಕೈಯಲ್ಲಿಟ್ಟೆ. ಮನೆಯ ಹಳೆಯ ಆಳು ಅಂಗಳದಲ್ಲೇ ನಿಂತಿದ್ದ. ಅತ್ತೆಯ ಮುಖ ನೋಡದೆ ಹೋಗಿ ಬಂಡಿ ಹೂಡಿದ.

ಕೊಪ್ಪಳ ಮುಟ್ಟುವಾಗ ಹೊತ್ತು ಇಳಿದಿತ್ತು. ಡಾಕ್ಟರು ಕೂಸಿನ ಎದೆಗೆ ನಳಿಗೆ ಇಟ್ಟು ನೋಡಿ, ಉರ್ದು ಬೆರೆಸಿ ಬೈದರು.

“ಎರಡು ದಿನ ಮನ್ಯಾಗ ಇಟ್ಕೊಂಡು ಏನ್ ಮಾಡಿದ್ರಿ?”

“ಬಂಗಾರ ಅದ್ದಿದ ನೀರು ಕುಡಿಸಿದ್ವಿರಿ,” ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ನಾಚಿಕೆಯಿಂದ ಸತ್ತುಹೋದೆ. ಬಗ್ಗಿ ತಗಡು ಅದ್ದಿದವಳು ನಾನೇ ತಾನೆ.

ಐದನೆಯ ದಿನ ಜ್ವರ ಬಿಟ್ಟಿತು. ಕೂಸು ನನ್ನ ತೊಡೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಾಗ ನಮ್ಮ ಮನೆಯವರು ಊರಿಗೆ ಹೋಗಿ, ಅಲ್ಲಿಂದ ದವಾಖಾನೆಗೆ ಬಂದರು. ಕೂಸಿನ ತಲೆ ಸವರಿದರು. ಆಮೇಲೆ ವಸ್ತ್ರದ ಗಂಟು ಬಿಚ್ಚಿ ತಗಡನ್ನು ನನ್ನ ಮುಂದೆ ಹಿಡಿದರು.

“ಅವ್ವ ಭಾಳ ಹೆದರ್ಯಾಳ. ಕಟ್ಟಿಕೋ. ಅಕಿ ಸಿಟ್ಟಾದ್ರ ಮನಿಗೆ ಕೇಡು.”

“ಅಕಿಗೆ ಸಿಟ್ಟು ಬರಾಕ ನಾ ಏನ್ ಮಾಡೀನ್ರಿ?” ಎಂದೆ. ಎರಡು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. “ಚೊಚ್ಚಲ ಹೆರಿಗಿ, ತವರಿಗೆ ಕಳಸ್ರಿ ಅಂತ ಅಕಿ ಕೈ ಮುಗದಿದ್ಲು. ಜ್ವಾಳದ ಸುಗ್ಗಿ ಮುಗೀಲಿ ಅಂದ್ರಿ. ಬ್ಯಾನಿ ತಿಂದು ಎರಡು ದಿನ ಬಿದ್ದಿದ್ಲು, ಯಾರೂ ಬಂಡಿ ಹೂಡಲಿಲ್ಲ. ಅಕಿಗೆ ಸಿಟ್ಟು ಬಂದ್ರ ಯಾರ ಮ್ಯಾಲ ಬರಬೇಕು, ನೀವ ಹೇಳ್ರಿ.”

ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ತಗಡನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದರು. ಆ ಮನೆಯಲ್ಲಿ ಅಕ್ಕನಿಗೆ ಹೆದರುತ್ತಿದ್ದವಳು ನಾನಲ್ಲವೆಂದು ಅವತ್ತು ಕಣ್ಣಾರೆ ಕಂಡೆ. ತಮ್ಮ ತಪ್ಪನ್ನು ನನ್ನ ಕೊರಳಿಗೆ ಕಟ್ಟಿ, ತಾವು ಹಗುರಾಗಿ ಓಡಾಡಿಕೊಂಡಿದ್ದರು. ನನಗೆ ಮರುಕ ಬರಲಿಲ್ಲ, ಸಿಟ್ಟೇ ಬಂತು.

ಕೂಸು ಗಂಜಿ ಬಿಟ್ಟು ಅವರ ಕೈಯಲ್ಲಿದ್ದ ಗೊಂಬೆಯನ್ನು ಬೆರಳಿನಿಂದ ಮುಟ್ಟಿತು.

“ಇದು ಯಾರು, ಅಪ್ಪಾ?”

ಅವರು ನನ್ನ ಮುಖ ನೋಡಿದರು. “ನೀವ ಹೇಳ್ರಿ,” ಎಂದೆ.

ಕೂಸಿನ ಕಡೆ ತಿರುಗಿ, “ನಿಮ್ಮವ್ವ,” ಎಂದರು.